ಹೊಳಿಯಮ್ಮ ಅಂತ ಯಾರೂ ಇಲ್ಲ

ಬಾಗಿಲು ಮುಂದೆ ಮಾಡಿ ಬನ್ನಿ. ಚಿಲಕ ಬೇಡ, ಮುಂದೆ ಮಾಡಿದರೆ ಸಾಕು. ಇದು ಎಲ್ಲಿಯದೋ ಯಾರದೋ ಸುದ್ದಿಯಲ್ಲ. ನನ್ನ ಸೋದರತ್ತೆಯ ಮಗಳು ಅನುಷಾಳಿಗೆ ಆದದ್ದು. ವೆಬ್‌ಸೈಟ್ ಮಾಡಿಕೊಡುವ ಅವಳ ಅಂಗಡಿ ಗಂಗಾವತಿಯಲ್ಲಿ ಈಗಲೂ ಇದೆ. ನಂಬಿಕೆ ಬರದವರು ನಾಳೆ ಹೋಗಿ ಕೇಳಬಹುದು. ಸುಮ್ಮನೆ ಹೇಳುವವಳಲ್ಲ ಅವಳು, ಮೊದಲು ನಾಲ್ಕು ಬೈದು ಆಮೇಲೆ ಹೇಳುತ್ತಾಳೆ.

ನೋಟು ಬದಲಾದ ಮರುವರ್ಷ. ಮಳೆಗಾಲ ಹಿಂದಾಗುತ್ತಿತ್ತು. ಅನುಷಾ ಕೊನೆಯ ಬಸ್ಸಿನಿಂದ ಮರಳಿ ಎಂಬ ನಮ್ಮೂರ ಕ್ರಾಸಿನಲ್ಲಿ ಒಬ್ಬಳೇ ಇಳಿದಳು. ಬಸ್ಸು ಹೋಯಿತು. ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ ಕತ್ತಲೆಂದರೆ ಕತ್ತಲು. ಎರಡೂ ಕಡೆ ಭತ್ತದ ಗದ್ದೆ. ಕಪ್ಪೆಗಳು ವಟರ್ ವಟರ್ ಎನ್ನುತ್ತಿದ್ದವು. ಕಾಲುವೆಯ ತೂಬಿನಲ್ಲಿ ನೀರು ಬುಳುಬುಳು ಹರಿಯುತ್ತಿತ್ತು. ಅವಳ ಚಪ್ಪಲಿ ಚಟ್ ಚಟ್…

ಹೆದರಿಕೆ ಇರಲಿಲ್ಲ. ಸಿಟ್ಟಿತ್ತು. ಆವತ್ತು ಇಡೀ ದಿನ ಕರೆಂಟು ಹೋಗಿ ಬಂದು, ಹೋಗಿ ಬಂದು ಅವಳ ತಲೆ ತಿಂದಿತ್ತು. ಕಂಪ್ಯೂಟರಿಗೆ ಬೈಯುತ್ತ, ಕುಷ್ಟಗಿಯಲ್ಲಿರುವ ಒಬ್ಬ ಮನುಷ್ಯನಿಗೆ ಬೈಯುತ್ತ, ಆಲದ ಮರ ಬಂದದ್ದೂ ಗೊತ್ತಾಗದಂತೆ ದಡದಡ ನಡೆಯುತ್ತಿದ್ದಳು.

ಆಗ ಕಪ್ಪೆಗಳು ನಿಂತವು. ಎಲ್ಲವೂ ಒಟ್ಟಿಗೆ…

ಕಿರ್ರ್… ಕಿರ್ರ್… ಕಿರ್ರ್…

ಬಾವಿಯ ಗಡಗಡಿಯ ಸದ್ದು. ಹಗ್ಗ ಜಗ್ಗಿದಾಗ ಕಬ್ಬಿಣದ ಗಾಲಿ ತಿರುಗುತ್ತದಲ್ಲ, ಅದು. ಆಲದ ಬುಡದಲ್ಲೇ ಊರಿನ ಹಳೇ ಬಾವಿ. ಯಾರೋ ನೀರು ಸೇದುತ್ತಿದ್ದಾರೆ ಎಂದುಕೊಂಡು ಅನುಷಾ ದಾಟಿ ಹೋದಳು. ಸ್ವಲ್ಪ ಮುಂದೆ ಹೋದ ಮೇಲೆ ಅವಳ ಕಾಲು ತಾವಾಗಿಯೇ ನಿಂತವು.

ಆ ಬಾವಿಗೆ ಗಡಗಡಿ ಇಲ್ಲ. ಮನೆಮನೆಗೆ ನಳ ಬಂದ ಮೇಲೆ ಅಲ್ಲಿ ಯಾರೂ ನೀರು ಸೇದುವುದಿಲ್ಲ. ಗಡಗಡಿಯನ್ನು ಯಾರೋ ಗುಜರಿಗೆಂದು ಬಿಚ್ಚಿಕೊಂಡು ಹೋಗಿ ವರ್ಷಗಳಾದವು. ಎರಡು ಕಲ್ಲುಕಂಬ ನಿಂತಿವೆ. ನಡುವೆ ಏನೂ ಇಲ್ಲ.

"ಅನುಷಾ…"

ಪಿಸುಮಾತು. ಪ್ರೀತಿಯದಲ್ಲ. ಹಲ್ಲು ಕಚ್ಚಿ ಆಡಿದ ಮಾತು.

"ಯಾರದು?"

"ಯಾರ ಹೆಸರಿಗೆ ಮಾಡಿ ಬಂದಿ?"

ಆ ದನಿ ಅವಳಿಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಿಂದ ಕೇಳಿದ ದನಿ. ಆದರೆ ಆ ದನಿಯವಳನ್ನು ಮಣ್ಣಿಗಿಟ್ಟು ಎರಡು ವರ್ಷ ದಾಟಿತ್ತು. ಏನು ಕೇಳುತ್ತಿದ್ದಾಳೆ ಎಂಬುದೂ ಅನುಷಾಳಿಗೆ ತಿಳಿಯಿತು. ಸಂಜೆ ಅಂಗಡಿಯಲ್ಲಿ ತಾನು ಮಾಡಿದ ಕೆಲಸ ನೆನಪಾಯಿತು.

"ಅಕ್ಕಾ… ನಾಳೆ ಸರಿ ಮಾಡ್ತೀನಿ."

ಗಡಗಡಿ ನಿಂತಿತು.

"ನಾಳೆ…" ಎಂದಿತು ದನಿ. "ಎಲ್ಲಾರೂ ನಾಳೆ ಅಂತೀರಿ."

ಧಬ್… ಕೊಡ ನೀರಿಗೆ ಬಿದ್ದ ಸದ್ದು. ಅನುಷಾ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಅವಳು ಯಾರು, ಅವಳಿಗೆ ಅಷ್ಟು ಸಿಟ್ಟು ಯಾಕೆ ಎಂಬುದನ್ನು ಈಗ ಹೇಳುತ್ತೇನೆ. ಕೇಳಿದ ಮೇಲೆ ನಿಮಗೂ ಸಿಟ್ಟು ಬಾರದಿದ್ದರೆ ಎದ್ದು ಮಲಗಲು ಹೋಗಿ.

ಹೊಳಿಯಮ್ಮ ನಮ್ಮ ಓಣಿಯ ಹುಡುಗಿ. ಚಿಕ್ಕಂದಿನಿಂದ ಮನೆಗೆ ನೀರು ಸೇದಿ ತರುತ್ತಿದ್ದದ್ದು ಆ ಆಲದ ಬಾವಿಯಿಂದಲೇ. ಅವಳ ತಾಯಿ ಹುಲಗೆಮ್ಮ, ನಾಟಿ ಹಚ್ಚುವ ಕೂಲಿಗೆ ಹೋಗಿ ಮಗಳನ್ನು ಬಿ.ಎ. ಓದಿಸಿದವಳು. ಆ ಓಣಿಯಲ್ಲಿ ಕಂಪ್ಯೂಟರ್ ಕಲಿತ ಮೊದಲ ಹೆಣ್ಣು ಹೊಳಿಯಮ್ಮ. ತಾನು ಗಂಗಾವತಿಗೆ ಕ್ಲಾಸಿಗೆ ಹೋಗುವಾಗ ಪಕ್ಕದ ಮನೆಯ ಅನುಷಾಳನ್ನೂ ಕೈ ಹಿಡಿದು ಕರೆದೊಯ್ದಳು. ಕೀಬೋರ್ಡಿನ ಮೇಲೆ ಬೆರಳು ಇಡಿಸಿದವಳು ಅವಳೇ. ಅನುಷಾಳ ಅಂಗಡಿ ನಿಂತಿರುವುದು ಆ ಕಲಿಕೆಯ ಮೇಲೆ.

ಕುಷ್ಟಗಿಗೆ ಕೊಟ್ಟರು. ಗಂಡ ಕಾಶಿನಾಥ, ಅಲ್ಲಿಯ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡದ ಉಪನ್ಯಾಸಕ. ಮದುವೆಯಾದ ದಿನವೇ ಹೆಸರು ಬದಲಿಸಿದರು. ನಮ್ಮ ಕಡೆ ಗೊತ್ತಲ್ಲ, ತಾಟಿನಲ್ಲಿ ಅಕ್ಕಿ ಹರಡಿ ಮದುಮಗ ಉಂಗುರದ ತುದಿಯಿಂದ ಹೊಸ ಹೆಸರು ಬರೆಯುತ್ತಾನೆ. ಕಾಶಿನಾಥ "ಶ್ವೇತಾ" ಎಂದು ಬರೆದ. ಹೊಳಿಯಮ್ಮ ಎಂಬುದು ಅವರ ಮನೆಯವರಿಗೆ ಗದ್ದೆಯ ಕೆಸರು ಹತ್ತಿದ ಹೆಸರಾಗಿ ಕಂಡಿತಂತೆ. ತಾಯಿಗೂ ತಾಕೀತು ಮಾಡಿದರು, ಇಲ್ಲಿಗೆ ಬಂದಾಗ ಆ ಹೆಸರು ಬಾಯಿಗೆ ತರಬ್ಯಾಡ್ರಿ ಎಂದು. ಹುಲಗೆಮ್ಮ ಮಗಳ ಮನೆಗೆ ಹೋದಾಗಲೆಲ್ಲ ಅವಳನ್ನು ಬರೀ "ಯವ್ವಾ" ಎಂದು ಕರೆದು ಬರುತ್ತಿದ್ದಳು. ಹೆತ್ತು ಹೆಸರಿಟ್ಟವಳ ನಾಲಿಗೆಗೇ ಬೀಗ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಹೊಳಿಯಮ್ಮ ಎದುರು ಮಾತಾಡಲಿಲ್ಲ. ಬ್ಲಾಗು ತೆರೆದಳು. ಪುಕ್ಕಟೆ ಸಿಗುವ ಬ್ಲಾಗು. ಅದರಲ್ಲಿ ಬರೆಯುವವರ ಹೆಸರು ಎಂದು ಕೇಳಿದ ಜಾಗದಲ್ಲಿ "ಹೊಳಿಯಮ್ಮ" ಎಂದು ಹಾಕಿದಳು. ಗಂಡ ಕಾಲೇಜಿಗೆ ಹೋದ ಮೇಲೆ ಕೂತು ಬರೆಯುತ್ತಿದ್ದಳು. ನಾಟಿ ಹಚ್ಚುವ ಹೆಂಗಸರ ಸೊಂಟ ನೋವು, ಕಾಲುವೆ ನೀರಿಗಾಗಿ ಆಗುವ ಜಗಳ, ಹುಳಿಬಾನದ ಊಟ, ತಿಂಗಳ ಮುಟ್ಟು, ಅತ್ತೆ ಎಣ್ಣೆ ಡಬ್ಬಿಗೆ ಹಾಕುವ ಗುರುತು. ಎಲ್ಲ ಬರೆದಳು, ನಕ್ಕು ಬರೆದಳು, ಬೈದು ಬರೆದಳು. ಒಂದು ಬರಹದಲ್ಲಿ ಹೀಗಿತ್ತು: "ಅಕ್ಕಿಯ ಮೇಲೆ ನನಗೊಂದು ಹೆಸರು ಬರೆದರು. ಮರುದಿನ ಆ ಅಕ್ಕಿಯನ್ನೇ ಅನ್ನ ಮಾಡಿ ಎಲ್ಲರೂ ಉಂಡೆವು. ಹೊಸ ಹೆಸರು ಅವತ್ತೇ ಕರಗಿತು. ಹಳೆಯದು ಮಾತ್ರ ಒಳಗೇ ಉಳಿದಿದೆ."

ಅವಳಿಗೆ ಜ್ವರ ಬಂತು. ಅನ್ನ ಸೇರಲಿಲ್ಲ, ಮೈಮೇಲೆ ಕೆಂಪು ಚುಕ್ಕೆ ಎದ್ದವು. ದವಾಖಾನೆಗೆ ಹೋಗೋಣ ಎಂದಳು. ಕಾಶಿನಾಥ "ನಾಳೆ ನೋಡೋಣು" ಎಂದ. ಮರುದಿನವೂ ಅದನ್ನೇ ಎಂದ. ಅವನಿಗೆ ಪರೀಕ್ಷೆಯ ಪೇಪರ್ ನೋಡುವುದಿತ್ತು. ಕೊಪ್ಪಳಕ್ಕೆ ಒಯ್ಯುವ ಹೊತ್ತಿಗೆ ದಾರಿಯಲ್ಲೇ ಮುಗಿದಿತ್ತು.

ಎರಡು ವರ್ಷದ ಮೇಲೆ ಆ ಮನುಷ್ಯ ಅನುಷಾಳ ಅಂಗಡಿಗೆ ಬಂದ. ಹೆಂಡತಿಯ ಬ್ಲಾಗನ್ನು ಹೊಸ ಸಾಫ್ಟ್‌ವೇರಿಗೆ, ಸ್ವಂತ ವಿಳಾಸಕ್ಕೆ ಸಾಗಿಸಿ ಕೊಡಬೇಕು ಎಂದ. "ಆಕಿ ನೆನಪಿಗೆ ಏನಾರ ಮಾಡಬೇಕು ಅನ್ನಿಸೇತವಾ." ಅನುಷಾಳ ಕಣ್ಣಲ್ಲಿ ನೀರು ಬಂತು. ಕೆಟ್ಟವನಲ್ಲ ಬಿಡು ಎಂದುಕೊಂಡಳು. ಆವತ್ತಿನ ಆ ಕಣ್ಣೀರಿಗೆ ಅವಳು ಈಗಲೂ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ.

ಸಾಗಿಸುವುದೆಂದರೆ ಗಾಡಿಗೆ ಸಾಮಾನು ಹೇರಿದಂತಲ್ಲ. ಹೊಳಿಯಮ್ಮ ಮೊದಮೊದಲು ಬರೆದದ್ದು ಹಳೆಯ ಫಾಂಟಿನಲ್ಲಿ. ಹೊಸದಕ್ಕೆ ತಂದ ಕೂಡಲೇ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಸವಾಯಿತು. ಅದನ್ನು ತಿದ್ದಿದರೆ ಫೋಟೋಗಳು ಬರಲಿಲ್ಲ, ಫೋಟೋ ಇದ್ದ ಕಡೆಯೆಲ್ಲ ಖಾಲಿ ಚೌಕ. ಫೋಟೋ ತಂದರೆ ಓದುಗರು ಬರೆದ ಮಾತುಗಳು ಯಾವುದೋ ಬರಹದ ಕೆಳಗೆ ಹೋಗಿ ಕೂತವು. ಮೊಬೈಲಿನಲ್ಲಿ ನೋಡಿದರೆ ಒತ್ತಕ್ಷರದ ಕಾಲೆಲ್ಲ ಕತ್ತರಿಸಿತ್ತು. ಅನುಷಾ ಸಾಲು ಸಾಲಾಗಿ ಓದಿ ತಿದ್ದಿದಳು. ಓದುವಾಗ ಅಕ್ಕ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿರುತ್ತಿತ್ತು.

ಕೊನೆಗೆ ಎಲ್ಲವನ್ನೂ ಒಟ್ಟಿಗೆ ತುಂಬುವ ದಿನ ಬಂತು. ಅದೇ ದಿನ, ಸಂಜೆ. ಹೊಸ ಸಾಫ್ಟ್‌ವೇರು ತೆರೆಯ ಮೇಲೆ ಒಂದು ಪ್ರಶ್ನೆ ಕೇಳಿತು. ಈ ಬರಹಗಳು ಹೊಳಿಯಮ್ಮ ಎಂಬವರ ಹೆಸರಿನಲ್ಲಿವೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ಅವರನ್ನು ಹೊಸದಾಗಿ ಸೇರಿಸಬೇಕೋ, ಅಥವಾ ಇಲ್ಲಿ ಈಗಾಗಲೇ ಇರುವವರ ಹೆಸರಿಗೆ ಹಾಕಬೇಕೋ?

ಸೇರಿಸಲು ಒಂದು ಇ-ಮೇಲ್ ಬೇಕಿತ್ತು. ಅನುಷಾ ಫೋನು ಮಾಡಿದಳು.

"ಸರ್, ಹೊಳಿಯಮ್ಮನ ಹೆಸರು ಸೇರಿಸಬೇಕಾಗೇತ್ರಿ. ಯಾವ ಇ-ಮೇಲ್ ಹಾಕ್ಲಿ?"

"ಯಾವ ಹೊಳಿಯಮ್ಮ?"

"ಅಕ್ಕನ್ರಿ…"

"ನಮ್ಮ ಮನ್ಯಾಗ ಹೊಳಿಯಮ್ಮ ಅಂತ ಯಾರೂ ಇಲ್ಲವಾ. ಶ್ವೇತಾ ಅಂತ ಒಬ್ಬಾಕಿ ಇದ್ಲು, ಆಕಿನೂ ಹೋದ್ಲು. ಏನರ ಮಾಡಿ ಇವತ್ತ ಮುಗಿಸು."

ಫೋನು ಕಟ್ಟಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಪೀಂ… ಪೀಂ… ಎಂದು ಒದರತೊಡಗಿತು. ಅದು ಸತ್ತರೆ ದಿನದ ಕೆಲಸವೆಲ್ಲ ಮತ್ತೆ ಮೊದಲಿಂದ. ಬಸ್ಸಿನ ಹೊತ್ತಾಗಿತ್ತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಕಾಶಿನಾಥ. ನಾಳೆ ಬಂದು ಬದಲಿಸಿದರಾಯಿತು ಎಂದುಕೊಂಡು ಅನುಷಾ ಅದನ್ನೇ ಆರಿಸಿ ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ಹೊಳಿಯಮ್ಮ ಬರೆದದ್ದೆಲ್ಲ ಕಾಶಿನಾಥ ಬರೆದದ್ದಾಯಿತು.

ಆ ರಾತ್ರಿಯೇ ಬಾವಿಯ ಕಟ್ಟೆಯಿಂದ ಆ ಪ್ರಶ್ನೆ ಬಂದದ್ದು.

ಮರುದಿನ ಅಂಗಡಿಯ ಬಾಗಿಲು ತೆಗೆದವಳೇ ಅನುಷಾ ಮಾಡಿದ ಮೊದಲ ಕೆಲಸ ಅದು. ತನ್ನದೇ ಇ-ಮೇಲ್ ಕೊಟ್ಟು ಹೊಳಿಯಮ್ಮನ ಹೆಸರು ಸೇರಿಸಿ, ಎಲ್ಲ ಬರಹಗಳನ್ನೂ ಅವಳ ಹೆಸರಿಗೆ ತಿರುಗಿಸಿದಳು. ಎದೆ ಹಗುರಾಯಿತು. ಊಟ ಮಾಡಿ ಬಂದು ನೋಡುತ್ತಾಳೆ, ಎಲ್ಲವೂ ಮತ್ತೆ ಕಾಶಿನಾಥನ ಹೆಸರಿಗೆ. ಅಕ್ಕಿಯ ಬರಹದ ಕೆಳಗೂ ಕಾಶಿನಾಥ. ನಾಟಿಯ ಸೊಂಟ ನೋವಿನ ಕೆಳಗೂ ಕಾಶಿನಾಥ. ತಿಂಗಳ ಮುಟ್ಟಿನ ಕೆಳಗೂ… ನಗು ಬರುತ್ತದಲ್ಲವೇ? ಅನುಷಾಳಿಗೆ ಬರಲಿಲ್ಲ. ಫೋನು ಹಚ್ಚಿದಳು.

"ಯಾಕ ಬದಲಿ ಮಾಡಿದ್ರಿ ಸರ್?"

"ಇರಲಿ ಬಿಡವಾ, ಛಲೋ ಕಾಣಾಕತ್ತೇತಿ. ಗಂಡ ಹೆಂಡ್ತಿ ಅಂದ್ರ ಒಂದಽ ಅಲ್ಲೇನು? ಮುಂದಿನ ವಾರ ಕಾಲೇಜಿಗೆ ತಪಾಸಣಿ ಮಂದಿ ಬರ್ತಾರ. ಏನ್ ಬರದೀರಿ ತೋರಸ್ರಿ ಅಂತಾರ."

"ಬರದಾಕಿ ಅಕ್ಕರಿ."

"ಸತ್ತೋರು ತಪಾಸಣಿಗೆ ಬರಂಗಿಲ್ಲ."

"ಸರ್, ಇದು ಛಲೋ ಅಲ್ರಿ."

"ನಿನ್ನ ಕೆಲಸ ಮುಗೀತವಾ. ಎರಡೆರಡು ಯಾಕಂತ ಹಳೇ ಬ್ಲಾಗನ್ನೂ ತಗದಬಿಟ್ಟೀನಿ. ಇನ್ನ ಫೋನ್ ಮಾಡಬ್ಯಾಡ."

ಪಾಸ್‌ವರ್ಡ್ ಬದಲಾಗಿತ್ತು. ಅನುಷಾಳಿಗೆ ಒಳಗೆ ಹೋಗಲು ದಾರಿ ಇರಲಿಲ್ಲ. ಹಳೆಯ ಬ್ಲಾಗಿನ ವಿಳಾಸ ಒತ್ತಿದರೆ ಬರೀ ಬಿಳಿ ಪುಟ. ಅವಳ ಕಂಪ್ಯೂಟರಿನಲ್ಲಿ ನಕಲು ಇತ್ತು, ನಿಜ. ಅದನ್ನು ಬೇರೆ ಕಡೆ ಹಾಕಿದರೆ ಉಪನ್ಯಾಸಕರ ಬರಹ ಕದ್ದವಳು ಎನ್ನಿಸಿಕೊಳ್ಳುವವಳು ಇವಳೇ. ಹೊಳಿಯಮ್ಮ ಎಂಬ ಹೆಸರು ಲೋಕದಲ್ಲಿ ಉಳಿದಿದ್ದ ಒಂದೇ ಒಂದು ಜಾಗ ಅದು. ಈಗ ಅಲ್ಲಿಯೂ ಇರಲಿಲ್ಲ. ಅದನ್ನು ಅಳಿಸಿದ್ದು ಅನುಷಾಳದೇ ಬೆರಳು. ಅವಳು ಸಿಟ್ಟಿಗೆ ಅತ್ತಳು. ಪಕ್ಕದ ಮೊಬೈಲ್ ಅಂಗಡಿಯ ಟಿಪ್ಪುಸಾಬ ಏನಾಯಿತು ತಂಗಿ ಎಂದು ಬಂದರೆ ಅವನಿಗೂ ಬೈದು ಕಳಿಸಿದಳು.

ಆವತ್ತು ಬೇಗನೇ ಬಸ್ಸು ಹಿಡಿದಳು. ಏನು ಮಾಡುವುದು, ಮೋಡ ಕವಿದು ದಾರಿಯಲ್ಲೇ ಕತ್ತಲಾಯಿತು. ಆಲದ ಮರದ ಹತ್ತಿರ ಕಣ್ಣು ಮುಚ್ಚಿಕೊಂಡು ನಡೆದಳು. ಕಿವಿ ಮುಚ್ಚಲು ಬರಲಿಲ್ಲ.

ಕಿರ್ರ್… ಕಿರ್ರ್…

ಈ ಸಲ ಕೆಳಗಿನಿಂದ ಹಗ್ಗ ಬಿಗಿಯಾಗಿ ಬರುವ ಸದ್ದೂ ಇತ್ತು. ಒದ್ದೆ ಹಗ್ಗ ಕಲ್ಲಿಗೆ ಉಜ್ಜುವ ಸರ್ ಸರ್… ಕಟ್ಟೆಯ ಮೇಲೆ ಬೆನ್ನು ಮಾಡಿ ಯಾರೋ ಕೂತಿದ್ದರು. ಸೆರಗು ತಲೆಯ ಮೇಲಿತ್ತು.

"ಹಳೇದೂ ಹೋತು," ಎಂದಿತು ದನಿ.

"ನಾ ಏನ ಮಾಡ್ಲಿ ಅಕ್ಕಾ? ಅವನಽ ಎಲ್ಲಾ ಕಸಗೊಂಡಾನ."

"ನೀ ಕೊಟ್ಟಿ. ನೀನಽ ಇಸ್ಕೊಂಬಾ."

ಅನುಷಾಳಿಗೆ ಅದೆಲ್ಲಿತ್ತೋ ಸಿಟ್ಟು, ಹೆದರಿಕೆಯನ್ನು ದಾಟಿ ಬಾಯಿಗೆ ಬಂತು. "ನನಗ ಯಾಕ ಹೆದರಸ್ತಿ? ಮಾಡಿದಾಂವ ಅವನು. ಅವನ ಮನಿಗೆ ಹೋಗು."

ಎಲೆ ಕೂಡ ಅಲುಗಲಿಲ್ಲ. ಆಮೇಲೆ ಅದು ಮಾತಾಡಿತು. ಮಾತು ಅಳುವಿನ ಹಾಗಿತ್ತು, ಆದರೆ ಅಳುವಲ್ಲ.

"ಆ ಮನ್ಯಾಗ ಹೊಳಿಯಮ್ಮ ಅಂತ ಯಾರೂ ಇಲ್ಲ… ಆ ಹೊಸ್ತಿಲಾಗ ನಿಂತು ಯಾರೂ ಆ ಹೆಸರು ಕರದಿಲ್ಲ. ಹೆಂಗ ಒಳಗ ಹೋಗ್ಲಿ? ಕರದ್ರ ಬರ್ತೀನಿ."

ಕಾಶಿನಾಥ ಫೋನಿನಲ್ಲಿ ಆಡಿದ ಮಾತನ್ನು ಅನುಷಾ ಯಾರಿಗೂ ಹೇಳಿರಲಿಲ್ಲ. ತಾಯಿಗೂ ಹೇಳಿರಲಿಲ್ಲ, ಟಿಪ್ಪುಸಾಬನಿಗೂ ಹೇಳಿರಲಿಲ್ಲ. ಇದನ್ನು ನೆನಪಿಡಿ.

ಮರುದಿನ ಬೆಳಿಗ್ಗೆ ಅವಳು ಹುಲಗೆಮ್ಮನ ಮನೆಗೆ ಹೋಗಿ ಕಾಶಿನಾಥ ಮಾಡಿದ್ದನ್ನೆಲ್ಲ ಹೇಳಿದಳು. ಬಾವಿಯ ಸುದ್ದಿ ಮಾತ್ರ ಬಾಯಿ ಬಿಡಲಿಲ್ಲ. ಮಗಳನ್ನು ಕಳೆದುಕೊಂಡವಳಿಗೆ ಅದನ್ನು ಹೇಗೆ ಹೇಳುವುದು? ಹುಲಗೆಮ್ಮ ನಾಟಿಗೆ ಹೋಗಲು ಸೀರೆ ಎತ್ತಿ ಕಟ್ಟಿದ್ದಳು. ಓದು ಬಾರದ ಹೆಂಗಸು, ಬ್ಲಾಗು ಎಂದರೇನೋ ತಿಳಿಯದು. ಆದರೂ ಕೇಳಿದ್ದು ಒಂದೇ ಪ್ರಶ್ನೆ.

"ನನ್ನ ಮಗಳು ಬರದದ್ದು ತನ್ನದು ಅಂತಾನೇನು?"

"ಹೂಂ ಚಿಗವ್ವಾ."

ಹುಲಗೆಮ್ಮ ಸೀರೆ ಇಳಿಸಿಕೊಂಡಳು. ಮುಖಕ್ಕೆ ನೀರು ಹಾಕಿಕೊಂಡಳು. "ನಡಿ," ಎಂದಳು.

ಕುಷ್ಟಗಿ ಮುಟ್ಟಿದಾಗ ನಡು ಮಧ್ಯಾಹ್ನ. ಸುಡುವ ಬಿಸಿಲು. ದೆವ್ವ ಬರುವ ಹೊತ್ತೇ ಅಲ್ಲ ಎಂದು ನೀವು ಹೇಳಬಹುದು. ಕೇಳಿ.

ಕಾಶಿನಾಥನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅವನು ಕಂಪ್ಯೂಟರಿನ ಮುಂದೆ ಕೂತಿದ್ದ. ಪಕ್ಕದಲ್ಲಿ ಅದೇ ಕಾಲೇಜಿನ ಇನ್ನೊಬ್ಬ ಉಪನ್ಯಾಸಕ ಅಂದಪ್ಪ, ಚಹಾ ಕುಡಿಯುತ್ತ ತೆರೆಯ ಮೇಲಿನದನ್ನು ಓದುತ್ತಿದ್ದ.

"ನಾಟಿ ಹಚ್ಚೋ ಹೆಣ್ಮಕ್ಕಳ ಕಷ್ಟ ಎಷ್ಟ ಛಂದ ತಿಳಕೊಂಡು ಬರದೀರಿ ಸರ್," ಎನ್ನುತ್ತಿದ್ದ ಅಂದಪ್ಪ. "ಓದಿದ್ರ ಸೊಂಟ ನಮಗಽ ಹಿಡದಂಗ ಆಕ್ಕೇತಿ."

"ಏನೋ, ಬಾಲ್ಯದಿಂದ ನೋಡಿದ್ದು ರೀ," ಎಂದ ಕಾಶಿನಾಥ.

ಬಾಲ್ಯದಿಂದ ನೋಡಿದ್ದಂತೆ. ಅವನ ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಅವನು ಗದ್ದೆಗೆ ಕಾಲಿಟ್ಟದ್ದು ಮದುವೆಯ ಫೋಟೋ ತೆಗೆಸಲು, ಅದೂ ಬೂಟು ಹಾಕಿಕೊಂಡು.

ಹುಲಗೆಮ್ಮ ಹೊಸ್ತಿಲಲ್ಲಿ ನಿಂತಳು. ಅಳಿಯ ಎದ್ದು ನಿಲ್ಲಲಿಲ್ಲ.

"ಬರ್ರಿ ಬರ್ರಿ, ಏನ್ ಇಷ್ಟ ದೂರ?" ಎಂದ.

"ಯಪ್ಪಾ, ನನ್ನ ಮಗಳು ಬರದದ್ದಕ್ಕ ಆಕಿ ಹೆಸರು ಹಾಕಬೇಕಂತ ಕೇಳಾಕ ಬಂದೀನ್ರಿ."

ಕಾಶಿನಾಥನ ಮುಖ ಕೆಂಪಾಯಿತು. ಅಂದಪ್ಪನ ಚಹಾ ಕಪ್ಪು ಅರ್ಧದಲ್ಲೇ ನಿಂತಿತು. "ಈ ಹುಡುಗಿ ನಿಮಗ ಇಲ್ಲದ್ದು ಹೇಳಿ ಕರಕೊಂಡು ಬಂದಾಳ," ಎಂದ ಕಾಶಿನಾಥ. "ಆಕಿ ಏನೋ ಗೀಚ್ತಿದ್ಲು, ನಾ ತಿದ್ದಿ ತಿದ್ದಿ ಬರದೀನಿ. ಹೋದಾಕಿಗೆ ಹೆಸರು ತಗೊಂಡು ಏನ್ ಮಾಡೋದೈತ್ರಿ? ಹೆಸರು ಬದುಕಿದ್ದವರಿಗೆ ಬೇಕು."

ಕರೆಯಬೇಕು ಎಂದು ಅನುಷಾಳಿಗೆ ಗೊತ್ತಿತ್ತು. ಕರೆದರೆ ಬರುತ್ತೇನೆ ಎಂದಿದ್ದಳಲ್ಲ. ಬಾಯಿ ತೆರೆದಳು. ಅವಳಿಗಿಂತ ಮೊದಲೇ ಇನ್ನೊಂದು ದನಿ ಎದ್ದಿತು.

ಕರೆದವಳು ಹುಲಗೆಮ್ಮ. ಅವಳಿಗೆ ಏನೂ ಗೊತ್ತಿರಲಿಲ್ಲ, ಬರೀ ಸಿಟ್ಟು. ಹೊಸ್ತಿಲ ಮೇಲೆ ಅಂಗೈ ಬಡಿದು, ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಕರೆಯುವ ದನಿಯಲ್ಲಿ ಕರೆದಳು.

"ಹೊಳಿಯಮ್ಮಾ… ಏ ಹೊಳಿಯಮ್ಮಾ… ಕೇಳೇನ ನಿನ್ನ ಗಂಡ ಅನ್ನೋದು?"

ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ಕೇಳದಾಯಿತು, ಫ್ಯಾನು ತಿರುಗುತ್ತಲೇ ಇತ್ತು.

ಕಿರ್ರ್…

ಅಡುಗೆಮನೆಯಿಂದ.

ಕಿರ್ರ್… ಕಿರ್ರ್…

ಆ ಮನೆಗೆ ಬಾವಿ ಇಲ್ಲ. ಇದ್ದದ್ದು ನಳ, ಮಾಳಿಗೆಯ ಮೇಲೊಂದು ಪ್ಲಾಸ್ಟಿಕ್ ಟಾಕಿ. ಗಡಗಡಿಯ ಸದ್ದು ಮಾತ್ರ ನಡುಮನೆಗೆ ಸ್ಪಷ್ಟವಾಗಿ ಬಂತು, ಒದ್ದೆ ಹಗ್ಗದ ಸರ್ ಸರ್ ಕೂಡ. ಅಂದಪ್ಪ "ಏನದು?" ಎಂದು ಪಿಸುಗುಟ್ಟಿದ. ಹುಲಗೆಮ್ಮ ಅಡುಗೆಮನೆಯ ಕಡೆ ನೋಡುತ್ತ ನಿಂತಳು. ಅವಳಿಗೆ ಹೆದರಿಕೆಯಾಗಲಿಲ್ಲ. ಮಗಳು ನೀರು ಸೇದುವ ವೇಗ ತಾಯಿಗೆ ಗೊತ್ತಿರುವುದಿಲ್ಲವೇ?

ಅನುಷಾ ಮುಂದೆ ಹೋದಳು. ಕಾಶಿನಾಥನ ಕೈ ಮೌಸಿನ ಮೇಲಿತ್ತು. ಅದನ್ನು ತೆಗೆ ಎಂದು ಹೇಳಬೇಕಾಗಲಿಲ್ಲ. ಅವನು ಕೈ ಎತ್ತಲೂ ಆಗದೆ ಇಡಲೂ ಆಗದೆ ಕೂತಿದ್ದ. ಇವಳೇ ಆ ಕೈ ಹಿಡಿದು ಪಕ್ಕಕ್ಕಿಟ್ಟಳು. ಮಂಜುಗಡ್ಡೆ ಮುಟ್ಟಿದಂತಾಯಿತಂತೆ.

ಅವನು ತೆಗೆದುಹಾಕಿದ್ದ ಹೆಸರನ್ನು ಮತ್ತೆ ಸೇರಿಸಿದಳು. ಹೊಳಿಯಮ್ಮ. ಎಲ್ಲವೂ ಒಮ್ಮೆಗೇ ಬದಲಾಗುವಂತಿರಲಿಲ್ಲ, ಪುಟ ಪುಟವಾಗಿ ಗುರುತು ಹಾಕಿ ಒತ್ತಬೇಕು. ಒಂದು ಪುಟ ಬದಲಿಸಿದಳು. ಗಡಗಡಿ ಒಂದು ಸುತ್ತು ತಿರುಗಿತು, ಕಿರ್ರ್… ಇನ್ನೊಂದು ಪುಟ. ಕಿರ್ರ್… ಹಗ್ಗ ಮೇಲೆ ಮೇಲೆ ಬರುತ್ತಿತ್ತು. ಕೊಡ ಬಾವಿಯ ಗೋಡೆಗೆ ತಾಗುವ ಠಣ್ ಠಣ್ ಕೇಳಿತು, ಹನಿ ತೊಟ್ಟಿಕ್ಕುವ ತಪ್ ತಪ್ ಕೇಳಿತು. ಅವಳು ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಕೆಸರಿನ ವಾಸನೆ ಬಂತು, ನಾಟಿಯ ದಿನ ಬರುತ್ತದಲ್ಲ, ಅದು. ಅಕ್ಕಿಯ ಬರಹ ಬಂತು. ಅದನ್ನೂ ತಿರುಗಿಸಿದಳು.

ಕೊನೆಯ ಪುಟ ಒತ್ತಿದಾಗ ತುಂಬಿದ ಕೊಡವನ್ನು ಕಲ್ಲಿನ ಮೇಲೆ ಇಟ್ಟ ಸದ್ದು. ಧಡ್… ಆಮೇಲೆ ಒಂದು ದೊಡ್ಡ ಉಸಿರು. ಅಷ್ಟೇ.

ಫ್ಯಾನಿನ ಸದ್ದು ಮತ್ತೆ ಕೇಳತೊಡಗಿತು. ಅಂದಪ್ಪ ಧೈರ್ಯ ಮಾಡಿ ಅಡುಗೆಮನೆಗೆ ಇಣುಕಿದ. ನಳ ಬಂದ್ ಆಗಿತ್ತು. ನೆಲ ಒಣಗಿತ್ತು. ಅವನು ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋದ.

ಹುಲಗೆಮ್ಮ ಅಳಿಯನ ಮುಂದೆ ಬಂದು ನಿಂತಳು. "ಬದುಕಿದ್ದಾಗ ಆಕಿ ಹೆಸರು ತಿಂದ್ರಿ," ಎಂದಳು, ಮೆಲ್ಲಗೆ. "ಜ್ವರ ಬಂದಾಗ ಆಕಿ ನಾಳೆ ತಿಂದ್ರಿ. ಸತ್ತ ಮ್ಯಾಲೆ ಆಕಿ ಮಾತೂ ತಿನ್ನಾಕ ಕುಂತಿದ್ರಿ. ಇಷ್ಟ ಹಸಿವು ಯಾರಿಗೂ ಇರಬಾರದು ಯಪ್ಪಾ."

ಅಷ್ಟು ಹೇಳಿ ಅನುಷಾಳ ಕೈ ಹಿಡಿದು ಹೊರಬಿದ್ದಳು. ಮರಳಿ ಕ್ರಾಸಿನಲ್ಲಿ ಇಳಿದಾಗ ಕತ್ತಲಾಗಿತ್ತು. ಆಲದ ಕೆಳಗೆ ಕಪ್ಪೆಗಳು ಕೂಗುತ್ತಿದ್ದವು. ಕೂಗುತ್ತಲೇ ಇದ್ದವು.

ಕಾಶಿನಾಥ ಆ ಬ್ಲಾಗಿಗೆ ಮತ್ತೆ ಕೈ ಹಾಕಲಿಲ್ಲ. ಅದು ಈಗಲೂ ಹೊಳಿಯಮ್ಮನ ಹೆಸರಿನಲ್ಲೇ ಇದೆ. ಕತೆ ಇಲ್ಲಿಗೆ ಮುಗಿದಿದ್ದರೆ ನಾನೂ ಇದನ್ನೆಲ್ಲ ಬಿಸಿಲಿನ ಭ್ರಮೆ ಎನ್ನುತ್ತಿದ್ದೆನೇನೋ.

ಮರುವರ್ಷ ಅವನು ಮನೆಗೆ ಕಂಪೌಂಡು ಕಟ್ಟಿಸಿ ಗೇಟು ಕೂರಿಸಿದ. ಗೋಡೆಯ ಮೇಲೆ ತನ್ನ ಹೆಸರು ಬರೆಯಲು ಮಕ್ಬುಲಸಾಬನನ್ನು ಕರೆಸಿದ. ಕುಷ್ಟಗಿ, ಯಲಬುರ್ಗಾ ಕಡೆಯ ಅರ್ಧ ಬೋರ್ಡು ಬರೆದವನು ಅವನೇ, ನನಗೂ ಪರಿಚಯ. ಬರೆದು ಹೋದ. ಎರಡು ದಿನಕ್ಕೆ ಮತ್ತೆ ಕರೆ ಬಂತು. ಹೋಗಿ ನೋಡಿದರೆ ಹೆಸರಿಲ್ಲ. ಕೆರೆದ ಗುರುತಿಲ್ಲ, ಒರೆಸಿದ ಗುರುತಿಲ್ಲ, ಬರೆಯುವ ಮೊದಲು ಹಚ್ಚಿದ ಸುಣ್ಣ ಹಾಗೇ ಬೆಳ್ಳಗಿದೆ. ಮತ್ತೆ ಬರೆದ. ಮತ್ತೆ ಹೋಯಿತು. ಬೇರೆ ಬಣ್ಣ ತಂದ, ಹಿತ್ತಾಳೆ ಅಕ್ಷರ ಕೂಡಿಸಿದ, ನಿಲ್ಲಲಿಲ್ಲ. "ಇಷ್ಟ ವರ್ಷ ಬರದೀನ್ರಿ, ಬಿಸಲಿಗಿ ಮಳಿಗಿ ನನ್ನ ಅಕ್ಷರ ಹೋಗಿಲ್ಲ," ಎಂದು ನನ್ನ ಮುಂದೆ ಹಣೆ ಹಣೆ ಬಡಿದುಕೊಂಡ ಮಕ್ಬುಲಸಾಬ. ಕೊನೆಗೆ ಕೈ ಮುಗಿದು ಬಂದುಬಿಟ್ಟ.

ನಾನೇ ಕಣ್ಣಾರೆ ನೋಡಿಕೊಂಡು ಬಂದಿದ್ದೇನೆ. ಕೆಳಗಿನ ಸಾಲಿಗೆ ಏನೂ ಆಗಿಲ್ಲ, ಹೊಚ್ಚ ಹೊಸದರ ಹಾಗಿದೆ. "ಎಂ.ಎ., ಬಿ.ಎಡ್., ಕನ್ನಡ ಉಪನ್ಯಾಸಕರು" ಎಂದಿದೆ. ಅದರ ಮೇಲೆ ಖಾಲಿ ಗೋಡೆ.